‘ಸ್ಕಾಲರ್‌ಶಿಪ್ ಬಂದಿದೆಯಂತೆ!’

ಎಂಜಿನಿಯರಿಂಗ್ ಕಾಲೇಜಿನಲ್ಲಿ ನಮಗೆ ‘ಸ್ಟ್ರೆಂಗ್ತ್ ಆಫ್ ಮೆಟೀರಿಯಲ್ಸ್’ ಕಲಿಸಿದ ಮೇಷ್ಟ್ರು ತೀರಿಕೊಂಡ ಸುದ್ದಿ ನಮ್ಮ ಬ್ಯಾಚಿನ ವಾಟ್ಸಾಪ್ ಗುಂಪಿಗೆ ಬಂದಾಗ ಅವರ ಪಾಠದ ಬಗ್ಗೆ ಒಬ್ಬರೂ ಬರೆಯಲಿಲ್ಲ. ಎಲ್ಲರೂ ಬರೆದದ್ದು ಆ ನೋಟಿಸಿನ ಕಥೆಯನ್ನೇ.

ನಮ್ಮದು 1994ರ ಬ್ಯಾಚು, ರಾಜ್ಯದ ಮೊದಲ ಸಿಇಟಿಯ ಕೂಸುಗಳು. ಹಿಂದಿನ ವರ್ಷ ಉನ್ನಿಕೃಷ್ಣನ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನಿಂದಾಗಿ ಖಾಸಗಿ ಕಾಲೇಜುಗಳಲ್ಲಿ ಅರ್ಧ ಸೀಟು ‘ಫ್ರೀ’, ಉಳಿದರ್ಧ ‘ಪೇಮೆಂಟ್’. ಅದಿಲ್ಲದಿದ್ದರೆ ಹರಪನಹಳ್ಳಿ ಕಡೆಯ ರೈತನ ಮಗ ಎಂಜಿನಿಯರಿಂಗ್ ಕಾಲೇಜಿನ ಗೇಟು ದಾಟುವುದೆಲ್ಲಿ ಬಂತು? (ರ್‍ಯಾಂಕೂ ಚೆನ್ನಾಗಿಯೇ ಬಂದಿತ್ತು, ಬಿಡಿ.) ಆದರೆ ಸೀಟು ಫ್ರೀ ಆದರೂ ಮೆಸ್ ಬಿಲ್ಲು ಫ್ರೀ ಅಲ್ಲವಲ್ಲ. ಸೀನಿಯರ್ ಒಬ್ಬನಿಂದ ಕೊಂಡ ಹಳೇ ಮಿನಿ ಡ್ರಾಫ್ಟರಿನ (ಡ್ರಾಯಿಂಗಿಗೆ ಗೆರೆ ಎಳೆಯುವ ಸಾಧನ) ಸ್ಕ್ರೂ ಸಡಿಲವಾಗಿ, ಸಮಾಂತರ ಗೆರೆಗಳೆಲ್ಲ ಹಾಳೆಯ ತುದಿಯಲ್ಲಿ ಕೂಡಿಕೊಳ್ಳುತ್ತಿದ್ದವು.

ಸ್ಕಾಲರ್‌ಶಿಪ್ಪಿಗೆ ತಹಶೀಲ್ದಾರರ ಆದಾಯ ಪ್ರಮಾಣಪತ್ರ ಹಚ್ಚಿ ಅರ್ಜಿ ಕೊಟ್ಟಿದ್ದೆವು. ಕೌಂಟರಿನಲ್ಲಿ ಪ್ರತಿ ಸಲವೂ ಒಂದೇ ಉತ್ತರ: ‘ಇನ್ನೂ ಸ್ಯಾಂಕ್ಷನ್ ಆಗಿಲ್ಲ.’ ರೋಸಿಹೋಗಿ ಒಂದು ರಾತ್ರಿ ನಾವೇ ಸ್ಯಾಂಕ್ಷನ್ ಮಾಡಿಬಿಟ್ಟೆವು. ಬೆಳಿಗ್ಗೆ ನೋಟಿಸ್ ಬೋರ್ಡಿನಲ್ಲಿ ಹೆಸರು, ಮೊತ್ತ, ‘ರೆವಿನ್ಯೂ ಸ್ಟಾಂಪಿನೊಂದಿಗೆ ಬರತಕ್ಕದ್ದು’ ಎಂಬ ಸೂಚನೆ! ಹತ್ತು ಗಂಟೆಗೆ ಕ್ಯಾಶ್ ಕೌಂಟರಿನ ಸಾಲು ಕ್ಯಾಂಟೀನ್ ಮುಟ್ಟಿತ್ತು.

ಮೇಷ್ಟ್ರು ಬಂದರು. ಕನ್ನಡಕ ಹಣೆಗೇರಿಸಿ, ನೋಟಿಸಿಗೆ ಮೂಗು ತಾಗುವಷ್ಟು ಬಗ್ಗಿ ಓದಿದರು.

‘ಏಳಕ್ಕೆ ನಡು ಗೀಟು ಹಾಕೋನು ಈ ಕಾಲೇಜ್ನಾಗೆ ಒಬ್ನೇ ಇರೋದು. ನಿನ್ ಲ್ಯಾಬ್ ರೆಕಾರ್ಡ್ ನಾನೇ ತಿದ್ದೀನಲ್ಲೋ ತಮ್ಮಾ?’

ಪ್ರಿನ್ಸಿಪಾಲರವರೆಗೆ ದೂರು ಹೋಗಲಿಲ್ಲ. ವರ್ಷವಿಡೀ ಜೂನಿಯರುಗಳ ಅರ್ಜಿ ತುಂಬಿಸಿಕೊಡುವುದೇ ನನ್ನ ಶಿಕ್ಷೆಯಾಯಿತು. ನಾನು ತುಂಬಿದ ಒಂದು ಅರ್ಜಿಯೂ ತಪ್ಪಿಗಾಗಿ ವಾಪಸ್ ಬರಲಿಲ್ಲವೆಂದು ಮೇಷ್ಟ್ರೇ ಸ್ಟಾಫ್ ರೂಮಿನಲ್ಲಿ ಹೇಳಿದ್ದರಂತೆ. ಹಾಗಂತ ದುಡ್ಡೇನೂ ಬೇಗ ಬರಲಿಲ್ಲ. ನನ್ನದು ಬಂದಾಗ ಪರೀಕ್ಷೆ ಮುಗಿದು ಅಪ್ಪ ಸಾಲ ಮಾಡಿಯಾಗಿತ್ತು.

ಈಗ ಅರ್ಜಿ ರಾಜ್ಯ ಸರ್ಕಾರದ ವಿದ್ಯಾರ್ಥಿವೇತನ ಜಾಲತಾಣವಾದ ಎಸ್‌ಎಸ್‌ಪಿ ಪೋರ್ಟಲ್ಲಿನಲ್ಲಿ, ಹಣ ನೇರ ಆಧಾರ್ ಜೋಡಿಸಿದ ಖಾತೆಗೆ. ಒಳ್ಳೆಯದೇ. ಆದರೆ ಅಣ್ಣನ ಮಗಳು ಅರ್ಜಿ ಹಾಕಿ ಫೋನ್ ನೋಡುತ್ತ ಕೂತಿರುವುದನ್ನು ಕಂಡರೆ, ಬದಲಾದದ್ದು ಕೌಂಟರ್ ಮಾತ್ರವೇನೋ ಅನ್ನಿಸುತ್ತದೆ. ಸಿಟ್ಟು ಬಂದರೆ ಬೈಯಲು ಎದುರಿಗೆ ಗುಮಾಸ್ತರೂ ಇಲ್ಲ.

ಮೇಷ್ಟ್ರ ನೆನಪಿಗೆ ನಮ್ಮ ಬ್ಯಾಚಿನವರು ಸೇರಿ ಒಂದಿಷ್ಟು ಹಣ ಕೂಡಿಸಿದ್ದೇವೆ. ವಾರ್ಷಿಕೋತ್ಸವದಲ್ಲಿ ಹಾರ ಹಾಕಿ ಚೆಕ್ ಕೊಡೋಣವೆಂದು ಕೆಲವರು ಅಂದರು. ನಾನು ಒಪ್ಪಲಿಲ್ಲ. ಮೊದಲ ಮೆಸ್ ಬಿಲ್ಲಿನ ಗಡುವಿಗೆ ಮುಂಚೆಯೇ ಹುಡುಗರ ಕೈಸೇರಬೇಕೆಂದು ಪಟ್ಟು ಹಿಡಿದು ಗೆದ್ದಿದ್ದೇನೆ.