ದಪ್ಪ ಸಿಪ್ಪೆಯ ದ್ರಾಕ್ಷಿ, ಎತ್ತರದ ವೈನ್

ಆಳಂದ ತಾಲ್ಲೂಕಿನ ನಮ್ಮ ತೋಟದಲ್ಲಿ ಇರುವುದು ಥಾಮ್ಸನ್ ದ್ರಾಕ್ಷಿ. ಅಕ್ಟೋಬರ್ ಚಾಟನಿ, ಅಂದರೆ ಬಳ್ಳಿ ಕತ್ತರಿಸುವ ಕೆಲಸ, ಮುಗಿದು ಗೊನೆ ಕಾಣಿಸಿಕೊಂಡರೆ ಸಾಕು, ನಮ್ಮ ಕಣ್ಣೆಲ್ಲ ಕಾಳಿನ ಮೇಲೆ. ಕಾಳು ಉದ್ದ ಆಗಬೇಕು, ತುಂಬಿಕೊಳ್ಳಬೇಕು, ಸಿಪ್ಪೆ ತೆಳ್ಳಗಿರಬೇಕು. ಅದಕ್ಕೇ ಗೊನೆಗಳನ್ನು ಜಿಎ (ಕಾಳು ಬೆಳೆಸುವ ಜಿಬ್ಬರೆಲಿಕ್ ಆಮ್ಲ) ನೀರಿನಲ್ಲಿ ಅದ್ದುತ್ತೇವೆ. ಒತ್ತೊತ್ತಾಗಿ ಬಂದ ಕಾಳುಗಳನ್ನು ಕತ್ತರಿಯಿಂದ ತೆಗೆಯುತ್ತೇವೆ. ಬಾಯಿಗೆ ಹಾಕಿದಾಗ ಸಿಪ್ಪೆ ಇದೆ ಅಂತ ಗೊತ್ತೇ ಆಗಬಾರದು. ಸೊಲ್ಲಾಪುರದ ವ್ಯಾಪಾರಿ ಬಂದು ನೋಡುವುದೂ ಅದನ್ನೇ.

ಒಳ್ಳೆಯ ಕೆಂಪು ವೈನ್ ಮಾಡುವವರಿಗೆ ಬೇಕಾದದ್ದು ಪೂರ್ತಿ ಉಲ್ಟಾ. ಚಿಕ್ಕ ಕಾಳು, ದಪ್ಪ ಸಿಪ್ಪೆ. ಇದನ್ನು ನನಗೆ ತಿಳಿಸಿಕೊಟ್ಟವನು ನನ್ನ ತಮ್ಮ. ಬೆಂಗಳೂರಿನ ಒಂದು ಹೋಟೆಲ್‌ನಲ್ಲಿ ವೈನ್ ಆರಿಸುವುದು, ಬಡಿಸುವುದು ಅವನ ಕೆಲಸ. ಊರಿಗೆ ಬಂದಾಗ ಎತ್ತರದ ತೋಟದ ಒಂದು ಬಾಟಲಿ ಕೆಂಪು ವೈನ್ ತಂದಿದ್ದ. ಮೊದಲು ಪಕ್ಕದ ತೋಟದ ಕಪ್ಪು ದ್ರಾಕ್ಷಿಯನ್ನು ಬಿಳಿ ಬಟ್ಟಲಿಗೆ ಹಿಂಡಿ ತೋರಿಸಿದ. ಮೊದಲು ಬಂದ ರಸಕ್ಕೆ ಬಣ್ಣವೇ ಇಲ್ಲ! "ಅಕ್ಕಾ, ಇದ್ರಾಗ ಎಲ್ಲಾ ಸಿಪ್ಪೀದ ಆಟ ನೋಡು" ಅಂದ. ಕೆಂಪು ವೈನಿನ ಬಣ್ಣ, ಒಗರು, ಸುವಾಸನೆಯ ದೊಡ್ಡ ಪಾಲು ಎಲ್ಲ ಸಿಪ್ಪೆಯಿಂದಲೇ. ಅದಕ್ಕೇ ರಸವನ್ನು ಸಿಪ್ಪೆಯ ಜೊತೆಗೇ ಹುದುಗಲು ಬಿಡುತ್ತಾರೆ.

ದಪ್ಪ ಸಿಪ್ಪೆಗೆ ಬೆಟ್ಟದ ಎತ್ತರ ಒಳ್ಳೆಯದು ಅಂತಾನೆ ಅವನು. ಸಿಪ್ಪೆ ದಪ್ಪ ಆಗಲು ಬೆಟ್ಟ ಯಾಕೆ ಬೇಕು? ಮೇಲೆ ಹೋದಷ್ಟು ಗಾಳಿ ತೆಳ್ಳಗಾಗುತ್ತದೆ. ಬಿಸಿಲಿನಲ್ಲಿರುವ ನೇರಳಾತೀತ ಕಿರಣ ಜಾಸ್ತಿ ತಾಗುತ್ತದೆ. ಆ ಕಿರಣದಿಂದ ಬೀಜ ಉಳಿಸಿಕೊಳ್ಳಲು ಬಳ್ಳಿ ಸಿಪ್ಪೆಯನ್ನು ದಪ್ಪ ಮಾಡಿ, ಅದರಲ್ಲಿ ಬಣ್ಣ ಮತ್ತು ಒಗರು ಕೊಡುವ ಟ್ಯಾನಿನ್ ತುಂಬುತ್ತದೆ. ನಮ್ಮ ಕಲಬುರಗಿಯಲ್ಲಿ ಬಿಸಿಲಿಗೇನು ಕಡಿಮೆ ಅಂತ ಕೇಳಬಹುದು. ಬಿಸಿಲಿದೆ, ಆದರೆ ಜೊತೆಗೆ ಸೆಕೆಯೂ ಇದೆ. ಬಳ್ಳಿ ಉಸಿರಾಡುವಾಗ ಹಣ್ಣಿನ ಹುಳಿಯನ್ನು ಸುಡುತ್ತದೆ. ಸೆಕೆ ಹೆಚ್ಚಿದಷ್ಟು ಹುಳಿ ಬೇಗ ಹೋಗುತ್ತದೆ. ತಿನ್ನುವ ದ್ರಾಕ್ಷಿಗೆ ಅದು ಒಳ್ಳೆಯದೇ, ಸಿಹಿ ಮೇಲೆ ಬರುತ್ತದೆ. ವೈನಿಗೆ ಮಾತ್ರ ಹುಳಿ ಬೇಕೇ ಬೇಕು, ಇಲ್ಲದಿದ್ದರೆ ಸಪ್ಪೆ. 1,000 ಮೀಟರ್ ಏರಿದರೆ ಸುಮಾರು 6 ಡಿಗ್ರಿ ತಂಪಾಗುತ್ತದೆ. ಹಗಲು ಚುರುಕು ಬಿಸಿಲು, ರಾತ್ರಿ ಚಳಿ. ಹಣ್ಣು ನಿಧಾನವಾಗಿ ಮಾಗುತ್ತದೆ, ಹುಳಿಯೂ ಉಳಿಯುತ್ತದೆ.

ತಮ್ಮ ತಂದ ಬಾಟಲಿ ಅರ್ಜೆಂಟೀನಾದ ಮೆಂಡೋಜಾದ್ದು. ಆಂಡಿಸ್ ಪರ್ವತದ ಬುಡದ ಗ್ವಾಲ್ತಯಾರಿ ಅನ್ನುವ ಕಡೆಯ ಮಾಲ್ಬೆಕ್. ಮಾಲ್ಬೆಕ್ ಮೂಲತಃ ಫ್ರಾನ್ಸಿನ ತಳಿ, 1853ರ ಹೊತ್ತಿಗೆ ಅರ್ಜೆಂಟೀನಾಕ್ಕೆ ಬಂತು. ಅಲ್ಲಿನ ವೈನ್ ತಯಾರಕ ನಿಕೊಲಾಸ್ ಕಟೇನಾ 1992ರಲ್ಲಿ ಗ್ವಾಲ್ತಯಾರಿಯಲ್ಲಿ, ಸುಮಾರು 1,500 ಮೀಟರ್ ಎತ್ತರದಲ್ಲಿ, ಬಳ್ಳಿ ನೆಟ್ಟರು. ಅಷ್ಟು ತಂಪಿನಲ್ಲಿ ಕೆಂಪು ದ್ರಾಕ್ಷಿ ಹಣ್ಣಾಗುವುದಿಲ್ಲ ಅಂತ ಆಗ ಹೇಳಿದವರಿದ್ದರು. ಒಂದು ಬಳ್ಳಿ ಫಲ ಕೊಡುವ ತನಕ ಕಾಯುವುದು ಏನು ಅಂತ ಬಲ್ಲ ನನಗೆ ಆ ಧೈರ್ಯ ಬಹಳ ದೊಡ್ಡದು. ಉತ್ತರದ ಸಾಲ್ಟಾ ಪ್ರಾಂತ್ಯದಲ್ಲಂತೂ ಕೊಲೊಮೆ ಅನ್ನುವ ವೈನ್ ಕಂಪನಿಯವರ ಒಂದು ತೋಟ 3,111 ಮೀಟರ್ ಮೇಲಿದೆ!

ಎತ್ತರ ಒಂದೇ ಸಾಲದು, ಮಣ್ಣೂ ಬೇಕು. ನಮ್ಮದು ಎರೆ ಮಣ್ಣು, ನೀರು ಹಿಡಿದಿಟ್ಟುಕೊಳ್ಳುತ್ತದೆ, ಬಳ್ಳಿ ಎಲೆ ಜಾಸ್ತಿ ಬಿಡುತ್ತದೆ. ಅಲ್ಲಿನದು ಸುಣ್ಣ ಹತ್ತಿದ ಕಲ್ಲು. ನೀರು ಸೋಸಿ ಹೋಗುತ್ತದೆ, ಕಾಳು ಚಿಕ್ಕದಾಗಿಯೇ ಉಳಿಯುತ್ತದೆ. ಮೆಂಡೋಜಾದಲ್ಲಿ ವರ್ಷಕ್ಕೆ ಸುಮಾರು 200 ಮಿ.ಮೀ. ಮಳೆ ಅಷ್ಟೇ. ಕೆಳಗಿನ ತೋಟಗಳು ಹಿಮ ಕರಗಿದ ನೀರನ್ನು ಹಳೆಯ ಕಾಲುವೆಗಳಿಂದ ಪಡೆಯುತ್ತವೆ. ಅದನ್ನು ಕೇಳಿದಾಗ ನನಗೆ ಬೀದರಿನ ನೌಬಾದ್ ಕರೇಜ್, ಅಂದರೆ ನೆಲದಡಿಯ ಹಳೆಯ ಕಾಲುವೆ, ನೆನಪಾಯಿತು, ಅಲ್ಲೂ ನೀರು ಇಳಿಜಾರು ನಂಬಿಯೇ ಹರಿಯುತ್ತಿತ್ತು. ಎತ್ತರದ ತೋಟಗಳಿಗೆ ಕಾಲುವೆ ಮುಟ್ಟುವುದಿಲ್ಲ, ಅಲ್ಲಿ ನಮ್ಮ ಹಾಗೇ ಡ್ರಿಪ್. ಆಣೆಕಲ್ಲಿನ ಭಯವೂ ನಮ್ಮಂತೆಯೇ. ಬಳ್ಳಿಗಳಿಗೆ ಬಲೆ ಹೊದಿಸುತ್ತಾರೆ. ಕೊಯ್ಲೂ ನಮ್ಮ ಮಾರ್ಚ್ ಸುತ್ತಮುತ್ತಲೇ!

ಗ್ಲಾಸಿನಲ್ಲಿ ಅದರ ಬಣ್ಣ ಕಪ್ಪಿಗೆ ಹತ್ತಿರದ ನೇರಳೆ. ನಾಲಿಗೆಯ ಮೇಲೆ ನೇರಳೆ ಹಣ್ಣು ತಿಂದಂಥ ಒಗರು, ಆಮೇಲೆ ಬಾಯಲ್ಲಿ ನೀರೂರಿಸುವ ಹುಳಿ. ಆ ಹುಳಿಯೇ ನನಗೆ ಎಲ್ಲಕ್ಕಿಂತ ಇಷ್ಟವಾಯಿತು. ನಮ್ಮ ರಾಜ್ಯದಲ್ಲಿ ನಂದಿ ಬೆಟ್ಟದ ಬಳಿ ಸುಮಾರು 900 ಮೀಟರ್ ಎತ್ತರದಲ್ಲಿ ಗ್ರೋವರ್ ತೋಟ ಇದೆ. ಅವರ ಲಾ ರಿಸರ್ವ್ ಅನ್ನುವ ಕೆಂಪು ವೈನ್, ಕ್ಯಾಬರ್ನೆ ಮತ್ತು ಶಿರಾಜ್ ದ್ರಾಕ್ಷಿ ಕೂಡಿದ್ದು. ಆಮದು ಬಾಟಲಿಯ ಬೆಲೆ ಜಾಸ್ತಿ ಅನ್ನಿಸಿದರೆ ಅಲ್ಲಿಂದ ಶುರು ಮಾಡಿ.

ಇನ್ನೊಂದು ಮಾತು. ಕೆಂಪು ವೈನನ್ನು ಕೋಣೆಯ ಬಿಸಿಯಲ್ಲಿ ಕುಡಿಯಬೇಕು ಅಂತಾರೆ. ಅದು ತಂಪು ದೇಶದ ಕೋಣೆ, 16ರಿಂದ 18 ಡಿಗ್ರಿಯದು. ಏಪ್ರಿಲ್‌ನಲ್ಲಿ ಕಲಬುರಗಿಯ ಮನೆಯೊಳಗೆ ಹಾಗೇ ಇಟ್ಟು ತೆರೆದರೆ ಬರೀ ಆಲ್ಕೋಹಾಲ್ ಮೂಗಿಗೆ ಹೊಡೆಯುತ್ತದೆ. ಫ್ರಿಜ್‌ನಲ್ಲಿ ಇಟ್ಟು ತಂಪು ಮಾಡಿಯೇ ತೆಗೆಯಿರಿ. ಜೊತೆಗೆ ಮಟನ್ ಮಾಡುವುದಾದರೆ ಆ ದಿನ ಖಾರ ಸ್ವಲ್ಪ ಕಡಿಮೆ ಹಾಕಿ. ಖಾರ ಹೆಚ್ಚಾದರೆ ಒಗರು ನಾಲಿಗೆಯನ್ನು ಉರಿಸುತ್ತದೆ.