‘ಮೇಲಿಂದ ಬಂದಿದೆ, ನಾನೇನ್ ಮಾಡ್ಲಿ?’

ಈ ಮಾತು ಬಾಯಿಂದ ಬಿತ್ತೋ, ಸ್ಟಾಫ್‌ರೂಮಿನಲ್ಲಿ ಹೆಡ್ಮಾಸ್ಟರ ಬೆಲೆ ಅಲ್ಲಿಗೇ ಇಳಿಯಿತು. ಆದೇಶ ಮೇಲಿಂದಲೇ ಬರುತ್ತದೆ ಅನ್ನುವುದು ಯಾವ ಶಿಕ್ಷಕರಿಗೆ ಗೊತ್ತಿಲ್ಲ? ಬಂದದ್ದನ್ನು ಹೆಡ್ಮಾಸ್ಟರು ನಮ್ಮ ಶಾಲೆಗೆ ಹೊಂದಿಸಿ ಕೊಡುತ್ತಾರೋ, ಹಾಗೇ ದಾಟಿಸಿ ಕೈತೊಳೆದುಕೊಳ್ಳುತ್ತಾರೋ, ಶಿಕ್ಷಕರು ನೋಡುವುದು ಅಷ್ಟನ್ನೇ.

2020ರ ಮಾರ್ಚ್‌ನಲ್ಲಿ ಕೊರೊನಾದಿಂದ ಶಾಲೆಗಳು ಮುಚ್ಚಿದ ಮೇಲೆ ಇದು ಎದ್ದು ಕಾಣಿಸಿತು. ಆಗಸ್ಟ್‌ನಲ್ಲಿ ಶಿಕ್ಷಕರೇ ಮಕ್ಕಳಿದ್ದ ಕಡೆ ಹೋಗಿ ಪಾಠ ಮಾಡುವ ವಿದ್ಯಾಗಮ ಶುರುವಾಯಿತು, ಅಕ್ಟೋಬರ್‌ನಲ್ಲಿ ನಿಂತಿತು, 2021ರ ಜನವರಿ 1ರಿಂದ ಶಾಲೆಯ ಆವರಣದಲ್ಲೇ ಮತ್ತೆ ನಡೆಯಿತು. ಮೊದಲ ಕೆಲಸ ಮಕ್ಕಳನ್ನು ಮೂರು ಪಾಲು ಮಾಡುವುದು: ಸ್ಮಾರ್ಟ್‌ಫೋನ್ ಇರುವವರು, ಬರೀ ಕೀಪ್ಯಾಡ್ ಫೋನ್ ಇರುವವರು, ಏನೂ ಇಲ್ಲದವರು. ಎಡವಟ್ಟು ಆದದ್ದೇ ಇಲ್ಲಿ. ‘ಮನೇಲಿ ಫೋನ್ ಇದೆಯಾ?’ ಎಂದು ಕೇಳಿದರೆ ‘ಇದೆ ಸಾ’ ಅನ್ನುತ್ತದೆ ಮಗು. ಆ ಫೋನು ಅಪ್ಪನ ಜೇಬಿನಲ್ಲಿ ಕೂಲಿಗೆ ಹೋಗಿ ರಾತ್ರಿ ಎಂಟಕ್ಕೆ ವಾಪಸ್ ಬರುವಂಥದ್ದು. ‘ಫೋನ್ ಯಾರ ಹತ್ತಿರ ಇರುತ್ತೆ, ಎಷ್ಟು ಹೊತ್ತಿಗೆ ಮನೆಗೆ ಬರುತ್ತೆ?’ ಅನ್ನುವ ಇನ್ನೆರಡು ಕಾಲಂ ಹಾಕಿಸಿದ ಹೆಡ್ಮಾಸ್ಟರ ಪಟ್ಟಿ ಕೆಲಸಕ್ಕೆ ಬಂತು. ಉಳಿದವರದ್ದು ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳುವ ಸಿಆರ್‌ಪಿಗೆ ಕಳಿಸುವ ಅಂಕಿಅಂಶವಾಗಿ ಉಳಿಯಿತು.

ಇನ್ನು ಆಗಿನ ಡ್ಯೂಟಿ ಹಂಚಿಕೆ. ಯಾವ ಕೇರಿಗೆ ಯಾರು ಅನ್ನುವುದನ್ನು ಹೇಳಿಬಿಟ್ಟರೆ ಸಾಲದು, ಬರೆದು ಗೋಡೆಗೆ ಅಂಟಿಸಬೇಕು. ಗರ್ಭಿಣಿಯರು, ಸಕ್ಕರೆ ಕಾಯಿಲೆಯವರು, ವಯಸ್ಸಾದವರಿಗೆ ಫೋನ್ ಕರೆ ಮತ್ತು ದಾಖಲೆ ಕೆಲಸ, ಉಳಿದವರಿಗೆ ಸುತ್ತಾಟ. ಯಾಕೆ ಹೀಗೆ ಅಂತ ಒಂದು ಸಾಲು ಹೇಳಿದರೆ ಗೊಣಗಾಟ ಅರ್ಧ ಕಡಿಮೆ. ಆದರೆ ಒಬ್ಬರ ಕಾಯಿಲೆಯನ್ನು ಅವರನ್ನು ಕೇಳದೆ ಗ್ರೂಪಿನಲ್ಲಿ ಹಾಕಬಾರದು. ಪಟ್ಟಿಯಲ್ಲಿ ಹೆಡ್ಮಾಸ್ಟರ ಹೆಸರು ಎಲ್ಲಿದೆ ಅಂತ ಎಲ್ಲರೂ ಮೊದಲು ಹುಡುಕುತ್ತಾರೆ, ಬಾಯಿಬಿಟ್ಟು ಹೇಳುವುದಿಲ್ಲ ಅಷ್ಟೆ.

ಬಾಯಿಮಾತಿನ ಡ್ಯೂಟಿ ಇದಕ್ಕಿಂತ ದೊಡ್ಡ ತಕರಾರು. ‘ಹೋಗ್ಬನ್ನಿ, ನಾನು ನೋಡ್ಕೋತೀನಿ’ ಎಂದು ಕಳಿಸಿ, ಚಲನವಲನ ವಹಿಯಲ್ಲಿ ಏನೂ ಬರೆಸದಿದ್ದರೆ, ದಾರಿಯಲ್ಲಿ ಬೈಕು ಜಾರಿದರೂ ಸೋಂಕು ತಗುಲಿದರೂ ಕರ್ತವ್ಯದ ಮೇಲಿದ್ದರು ಅನ್ನುವುದಕ್ಕೆ ಸಾಕ್ಷಿ ಇರುವುದಿಲ್ಲ. ಹೊರಟ ಸಮಯ, ಸ್ಥಳ, ಉದ್ದೇಶ, ಹೆಡ್ಮಾಸ್ಟರ ಸಹಿ: ಎರಡು ನಿಮಿಷದ ಕೆಲಸ.

ಶಾಲೆ ಮುಚ್ಚಿದ್ದಾಗ ಬಿಸಿಯೂಟದ ಬದಲು ಧಾನ್ಯ ಹಂಚುವಾಗಲೂ ಹಾಗೇ ಆಗಿತ್ತು. ಒಂದರಿಂದ ಐದನೇ ತರಗತಿಗೆ ದಿನಕ್ಕೆ 100 ಗ್ರಾಂ, ಆರರಿಂದ ಎಂಟಕ್ಕೆ 150 ಗ್ರಾಂ. 30 ದಿನಕ್ಕೆ 3 ಕೆ.ಜಿ., 4.5 ಕೆ.ಜಿ. ತಕ್ಕಡಿ ಬಿಟ್ಟು ಡಬ್ಬದಲ್ಲಿ ಅಳೆದು, ತಲೆಗೆ ಬರೀ 100 ಗ್ರಾಂ ಹೆಚ್ಚು ಹೋದರೆ, 70 ಮಕ್ಕಳಿಗೆ 7 ಕೆ.ಜಿ. ಖೋತಾ. ಕೊನೆಯ ಇಬ್ಬರು ಬರಿಗೈಲಿ ನಿಲ್ಲುತ್ತಾರೆ, ಬೈಸಿಕೊಳ್ಳುವುದು ಅಂದು ಅಲ್ಲಿ ಕೂತ ಟೀಚರ್. ಚೀಲಗಳನ್ನು ಇಳಿಸಿಕೊಳ್ಳುವಾಗಲೇ ತೂಗಿ, ಎಸ್‌ಡಿಎಂಸಿಯ (ಪೋಷಕರಿರುವ ಶಾಲಾ ಸಮಿತಿ) ಒಬ್ಬರನ್ನು ಪಕ್ಕಕ್ಕೆ ಕೂರಿಸಿ, ತರಗತಿವಾರು ಬೇರೆ ಬೇರೆ ಹೊತ್ತಿಗೆ ಕರೆಸಿದರೆ ಈ ರಗಳೆಯೇ ಇಲ್ಲ.

ವಾಟ್ಸ್ಆ್ಯಪ್ ಬಗ್ಗೆ ಹೇಳದಿದ್ದರೆ ಶಿಕ್ಷಕರು ಬೈದಾರು. ರಾತ್ರಿ ಒಂಬತ್ತೂವರೆಗೆ ಎಂಟು ಪುಟದ ಪಿಡಿಎಫ್, ಕೆಳಗೆ ‘ತುರ್ತು’. ಓದಿದರೆ ಆರು ಪುಟ ಪ್ರೌಢಶಾಲೆಗೆ ಸಂಬಂಧಿಸಿದ್ದು. ತಾನೇ ಓದಿ ‘ನಮಗೆ ಬೇಕಾದ್ದು ಇಷ್ಟೇ: ಆರನೇ ತರಗತಿ ಹಾಜರಾತಿ, ನಾಳೆ 12ಕ್ಕೆ’ ಎಂದು ಬರೆಯುವವರೂ ಇದ್ದಾರೆ. ಕಡಿಮೆ, ಆದರೆ ಇದ್ದಾರೆ.

ಮಲೆನಾಡಿನ ಮಳೆಗಾಲಕ್ಕೂ ಇದೇ ಲೆಕ್ಕ. ಬೆಳಿಗ್ಗೆ ಏಳೂವರೆಗೆ ರಜೆ ಘೋಷಣೆಯಾದರೆ, ದೂರದ ಮಕ್ಕಳು ಆಗಲೇ ಹೊರಟಿರುತ್ತಾರೆ. ‘ರಜೆ’ ಎಂದು ಬೀಗ ಹಾಕಿಕೊಂಡು ಹೋಗುವಂತಿಲ್ಲ, ಬಂದ ಮಕ್ಕಳನ್ನು ಹಾಗೇ ವಾಪಸ್ ಅಟ್ಟುವಂತೆಯೂ ಇಲ್ಲ. ನಡುವೆ ಹಳ್ಳ ದಾಟುವ ಕಾಲುಸಂಕ, ಅಂದರೆ ಕಿರಿದಾದ ಕಾಲುಸೇತುವೆ, ಇರುತ್ತದೆ. ಕಾಲುಸಂಕ ದಾಟುವ ಮಕ್ಕಳ ಹೆಸರು ಮತ್ತು ಮನೆಯ ನಂಬರು ಜೂನ್ ಮೊದಲ ವಾರವೇ ಒಂದು ಹಾಳೆಯಲ್ಲಿ ಸಿದ್ಧವಿರಬೇಕು. ಮುಂದೆ ಆ ರಜೆಗೆ ಸರಿದೂಗಿಸಲು ಶನಿವಾರ ಮಧ್ಯಾಹ್ನದ ತರಗತಿ ಬರುತ್ತದೆ. ಆ ವೇಳಾಪಟ್ಟಿಯಲ್ಲೂ ಶಿಕ್ಷಕರು ಮೊದಲು ಹುಡುಕುವುದು ಹೆಡ್ಮಾಸ್ಟರ ಪೀರಿಯಡ್ ಎಲ್ಲಿದೆ ಅಂತ.