ಪಿಕಪ್ ಲಿಫ್ಟ್: ಹ್ಯಾಂಡ್‌ಬ್ರೇಕ್ ಕೇಬಲ್‌ನ ಗುಟ್ಟು ಬಯಲಾಯಿತು

ಸಿಕ್ಕಿತು! ನನ್ನ ಪಿಕಪ್ ಗಾಡಿಯನ್ನು ಲಿಫ್ಟ್ ಮಾಡಿದ (ಎತ್ತರಿಸಿದ) ಮೇಲೆ, ಹಿಂದಿನ ಬಲಗಡೆ ಚಕ್ರ ಜೋತುಬಿದ್ದರೆ ಎಡಗಡೆ ಬ್ರೇಕ್ ಡ್ರಮ್ ಯಾಕೆ ಹಿಡಿಯುತ್ತದೆ ಅನ್ನೋದಕ್ಕೆ ಕೊನೆಗೂ ಉತ್ತರ ಸಿಕ್ಕಿತು.

ಪಿಕಪ್ ಈಗ 4 ಇಂಚು ಮೇಲೆ ನಿಂತಿದೆ. ಸ್ಪ್ರಿಂಗ್ ಬದಲಾಯಿಸಿದ್ದು, ಯು-ಬೋಲ್ಟ್ ಬಿಗಿ ಮಾಡಿದ್ದು, ಅಲೈನ್‌ಮೆಂಟ್, ಇವೆಲ್ಲ ನಿಮಗೆ ಗೊತ್ತಿರುವ ಕೆಲಸಗಳೇ. ಅಲ್ಲಿ ಹೇಳೋಕೆ ಹೊಸದೇನೂ ಇಲ್ಲ. ಇವತ್ತಿನ ಮಾತೆಲ್ಲ ಬ್ರೇಕ್ ಪೈಪ್ ಮತ್ತು ಕೇಬಲ್ ಬಗ್ಗೆ.

ಮೊದಲು ಹೋಸ್. ಚಾಸಿಯಿಂದ (ಗಾಡಿಯ ಚೌಕಟ್ಟಿನಿಂದ) ಹಿಂದಿನ ಆಕ್ಸಲ್‌ಗೆ ಇಳಿಯುವ, ಬ್ರೇಕ್ ಆಯಿಲ್ ಹೋಗುವ ನಡುವಿನ ರಬ್ಬರ್ ಹೋಸ್ ಇದೆಯಲ್ಲ, ಗಾಡಿ ನೆಲದ ಮೇಲೆ ನಿಂತಾಗ ಅದು ಆರಾಮಾಗಿ ಕಾಣುತ್ತದೆ. ಚಾಸಿಗೆ ಸ್ಟ್ಯಾಂಡ್ ಕೊಟ್ಟು ಆಕ್ಸಲ್ ಪೂರ್ತಿ ಇಳಿಯಲು ಬಿಟ್ಟರೆ ಮಾತ್ರ ತಂತಿಯಂತೆ ಬಿಗಿಯುತ್ತದೆ. ಲಿಫ್ಟ್ ಕಿಟ್ ಜೊತೆ ಬಂದಿದ್ದು ಒಂದು ಡ್ರಾಪ್ ಬ್ರ್ಯಾಕೆಟ್. ಅಂದ್ರೆ ಹೋಸ್ ಹಳೆಯದೇ, ಅದರ ಮೇಲ್ತುದಿಯನ್ನು ಕೆಳಗಿಳಿಸುವುದು ಅಷ್ಟೇ. ಹಾಗೆ ಇಳಿಸಬೇಕಾದರೆ ಅಲ್ಲಿನ ಸ್ಟೀಲ್ ಪೈಪನ್ನು ಬಗ್ಗಿಸಬೇಕು. ವರ್ಷಗಳಿಂದ ತುಕ್ಕು ತಿಂದ ಪೈಪನ್ನು ಬಗ್ಗಿಸುವುದು ನನಗೆ ಇಷ್ಟವಾಗಲಿಲ್ಲ. ಉದ್ದದ ಹೋಸ್ ತರಿಸಿದೆ.

ಇಲ್ಲಿ ಸಪ್ಲೈಯರ್ ಬಗ್ಗೆ ಒಂದು ಮಾತು ಹೇಳಲೇಬೇಕು. ನನ್ನ ಗಾಡಿಯ ಬ್ರೇಕ್ ಪೈಪಿನ ಥ್ರೆಡ್‌ಗಳು ಎಂ10 (10 ಮಿ.ಮೀ. ದಪ್ಪ), 1 ಮಿ.ಮೀ. ಪಿಚ್ (ಎರಡು ಥ್ರೆಡ್‌ಗಳ ನಡುವಿನ ದೂರ). ಆರ್ಡರ್‌ನಲ್ಲಿ ಅದನ್ನು ಸ್ಪಷ್ಟವಾಗಿ ಬರೆದಿದ್ದೆ. ಬಂದಿದ್ದು 3/8 ಇಂಚು, ಇಂಚಿಗೆ 24 ಥ್ರೆಡ್. ಫೋನ್ ಮಾಡಿದರೆ "ಎರಡೂ ಒಂದೇ ಸಾರ್, ಕೂತ್ಕೊಳ್ಳುತ್ತೆ" ಅಂದರು. ಕೂತುಕೊಳ್ಳುತ್ತದೆ ನಿಜ, ಭಯವಿರುವುದೇ ಅಲ್ಲಿ! 3/8 ಅಂದರೆ 9.525 ಮಿ.ಮೀ. 1 ಮಿ.ಮೀ. ಪಿಚ್ ಅಂದರೆ ಇಂಚಿಗೆ 25.4 ಥ್ರೆಡ್. ಎರಡೂ ಎಷ್ಟು ಹತ್ತಿರ ನೋಡಿ. 3/8ರ ಸಣ್ಣ ತುದಿ ಎಂ10ರ ದೊಡ್ಡ ತೂತಿನಲ್ಲಿ ಸಲೀಸಾಗಿ ತಿರುಗುತ್ತದೆ, ಒಂದಿಷ್ಟು ಬಿಗಿಯೂ ಆಗುತ್ತದೆ. ಆಮೇಲೆ ಯಾವತ್ತೋ ಒಂದು ದಿನ ಪೆಡಲ್ ಜೋರಾಗಿ ಒತ್ತಿದಾಗ ಕಿತ್ತುಕೊಂಡು ಬರಬಹುದು. ಬ್ರೇಕ್ ಸಾಮಾನು ಮಾರುವವರು "ಎರಡೂ ಒಂದೇ" ಅನ್ನಬಾರದು. ಥ್ರೆಡ್ ಗೇಜ್ ಇಲ್ಲದಿದ್ದರೆ ದಯವಿಟ್ಟು ಒಂದು ಇಟ್ಟುಕೊಳ್ಳಿ.

ಪೈಪಿನ ತುದಿಯನ್ನು ಅಗಲಿಸಿರುವ ಆಕಾರ ಬಬಲ್ ಫ್ಲೇರೋ ಡಬಲ್ ಫ್ಲೇರೋ ಅನ್ನುವುದನ್ನೂ ಆಗಲೇ ನೋಡಿಬಿಡಿ. ಒಂದರ ಜಾಗದಲ್ಲಿ ಇನ್ನೊಂದು ಸರಿಯಾಗಿ ಸೀಲ್ ಆಗಲ್ಲ. ಸರಿಯಾದ ಹೋಸ್ ಬಂದಮೇಲೆ ಕೂಡಿಸಿ, ಹೊಸ ಡಾಟ್ 4 ಬ್ರೇಕ್ ಆಯಿಲ್ ಹಾಕಿ ಏರ್ ತೆಗೆದೆ. ಹೋಸ್ ಮೇಲಿನ ಉದ್ದ ಗೆರೆ ಎಲ್ಲೂ ತಿರುಚಿಲ್ಲ. ಒಂದು ಚಕ್ರ ಮೇಲೆ, ಇನ್ನೊಂದು ಕೆಳಗೆ ಮಾಡಿಯೂ ನೋಡಿದೆ. ಟೈರಿಗಾಗಲಿ ಸೈಲೆನ್ಸರ್ ಪೈಪಿಗಾಗಲಿ ತಾಗುತ್ತಿಲ್ಲ.

ಇನ್ನು ಅಸಲಿ ತಲೆನೋವು.

ಸಮತಟ್ಟು ನೆಲದಲ್ಲಿ ಗಾಡಿ ಚೆನ್ನಾಗಿಯೇ ಓಡುತ್ತಿತ್ತು. ಡ್ರಮ್ ಬಿಸಿಯಾಗುತ್ತಿರಲಿಲ್ಲ. ಹಳ್ಳ ದಿಣ್ಣೆಯಲ್ಲಿ ಇಳಿಸಿದರೆ ಯಾರೋ ಹಿಂದಿನಿಂದ ಹಿಡಿದೆಳೆದಂತೆ ಆಗುತ್ತಿತ್ತು. ಆಕ್ಸಲ್‌ಗೆ ಸ್ಟ್ಯಾಂಡ್ ಕೊಟ್ಟು ಚಕ್ರ ತಿರುಗಿಸಿದರೆ ಎರಡೂ ಸಲೀಸು. ಚಾಸಿಗೆ ಸ್ಟ್ಯಾಂಡ್ ಕೊಟ್ಟು ಆಕ್ಸಲ್ ಇಳಿಬಿಟ್ಟರೆ ಎರಡೂ ಡ್ರಮ್ ಕಚ್ಚಿಕೊಳ್ಳುತ್ತಿದ್ದವು. ಇಲ್ಲಿಯವರೆಗೆ ಸರಿ, ಕೇಬಲ್ ಎಳೆಯುತ್ತಿದೆ ಅಂತ ಯಾರಾದರೂ ಹೇಳುತ್ತಾರೆ. ವಿಚಿತ್ರ ಅಂದ್ರೆ, ಎಡ ಚಕ್ರ ಮಾತ್ರ ಇಳಿಸಿದರೆ ಏನೂ ಆಗುತ್ತಿರಲಿಲ್ಲ. ಬಲ ಚಕ್ರ ಮಾತ್ರ ಇಳಿಸಿದರೆ ಎರಡೂ ಡ್ರಮ್ ಹಿಡಿಯುತ್ತಿದ್ದವು, ಎಡಗಡೆಯದು ಇನ್ನೂ ಜಾಸ್ತಿ!

ಕೇಳಿದವರೆಲ್ಲ ಕೊಟ್ಟ ಸಲಹೆ ಒಂದೇ: ಈಕ್ವಲೈಜರ್ (ಹ್ಯಾಂಡ್‌ಬ್ರೇಕ್ ಎಳೆತವನ್ನು ಎಡ, ಬಲ ಕೇಬಲ್‌ಗಳಿಗೆ ಹಂಚುವ ಪಟ್ಟಿ) ನಟ್ ಸಡಿಲ ಮಾಡು. ನಾನು ಇದನ್ನು ಒಪ್ಪುವುದಿಲ್ಲ. ಸಡಿಲ ಮಾಡಿದರೆ ಡ್ರಮ್ ಬಿಡುತ್ತದೆ, ನಿಜ. ಆದರೆ ಗಾಡಿ ನೆಲದ ಮೇಲಿರುವಾಗ ಲಿವರ್ ಪೂರ್ತಿ ಎಳೆದರೂ ಹ್ಯಾಂಡ್‌ಬ್ರೇಕ್ ನಿಲ್ಲಲ್ಲ. ಇಳಿಜಾರಿನಲ್ಲಿ ಎರಡು ಟನ್ ಗಾಡಿಯನ್ನು ಗೇರಿನ ಮೇಲೆ ಮಾತ್ರ ನಂಬಿ ನಿಲ್ಲಿಸೋದಾ? ಅದೂ ಅಲ್ಲದೆ ಕೇಬಲ್ ಮುಟ್ಟುವ ಮೊದಲು ಡ್ರಮ್ ಒಳಗಿನ ಸ್ಟಾರ್ ವೀಲ್ (ಹಲ್ಲಿರುವ ಅಡ್ಜಸ್ಟರ್) ತಿರುಗಿಸಿ ಶೂ (ಡ್ರಮ್‌ಗೆ ಒತ್ತಿ ಬ್ರೇಕ್ ಹಿಡಿಯುವ ಭಾಗ) ಅಡ್ಜಸ್ಟ್ ಆಗಿರಬೇಕು. ಅದು ಆಗಿತ್ತು. ಹಾಗಾಗಿ ನಟ್ ಅನ್ನು ಇದ್ದ ಜಾಗದಲ್ಲೇ ಬಿಟ್ಟೆ.

ಕೇಬಲ್‌ನಲ್ಲಿ ಎರಡು ಭಾಗ ಇರುತ್ತದಲ್ಲ, ಎಳೆಯುವ ಒಳಗಿನ ತಂತಿ ಇನ್ನರ್, ಅದರ ಹೊರಗಿನ ಕವಚ ಔಟರ್. ಔಟರ್ ಸಡಿಲವಾಗಿ ಬಾಗಿಕೊಂಡಿರುವ ತನಕ ಆಕ್ಸಲ್ ಎಷ್ಟು ಇಳಿದರೂ ಇನ್ನರ್‌ಗೆ ಅದರ ಎಳೆತ ಹೆಚ್ಚು ತಾಗುವುದಿಲ್ಲ. ಇಡೀ ವ್ಯವಸ್ಥೆ ನಿಂತಿರುವುದೇ ಅದರ ಮೇಲೆ. ಔಟರ್ ನೇರವಾಗಿ ಬಿಗಿದರೆ ಕಥೆಯೇ ಬೇರೆ. ಔಟರ್ ಒಳಗೆ ಸುರುಳಿ ಸುತ್ತಿದ ಸ್ಟೀಲ್ ಇರುತ್ತದೆ. ಎಳೆದಾಗ ಆ ಸುರುಳಿ ಬಿಚ್ಚಿಕೊಂಡು ಒಂಚೂರು ಉದ್ದವಾಗುತ್ತದೆ. ಇನ್ನರ್ ಉದ್ದವಾಗಲ್ಲ. ಆಗ ಡ್ರಮ್ ಒಳಗಿನ ಲಿವರ್ ಎಳೆಯಲ್ಪಡುತ್ತದೆ. ಕೆಲವೇ ಮಿಲಿಮೀಟರ್ ಸಾಕು, ಶೂ ಡ್ರಮ್‌ಗೆ ಮುಟ್ಟಿಬಿಡುತ್ತದೆ.

ಹಾಗಾದ್ರೆ ಎಡಗಡೆ ಯಾಕೆ ಹಿಡಿಯಬೇಕು? ಎರಡೂ ಕೇಬಲ್‌ಗಳ ಇನ್ನರ್ ಮೇಲೆ ಬಿಳಿ ಟೇಪ್ ಸುತ್ತಿ, ಗಾಡಿ ಕೆಳಗೆ ಮಲಗಿ, ಗೆಳೆಯನಿಗೆ ಬಲಗಡೆ ಜಾಕ್ ನಿಧಾನವಾಗಿ ಇಳಿಸಲು ಹೇಳಿದೆ. ಸ್ವಲ್ಪ ದೂರ ಏನೂ ಇಲ್ಲ. ಆಮೇಲೆ ಬಲಗಡೆ ಟೇಪ್ ಹಿಂದಕ್ಕೆ ಸರಿಯಿತು, ಎಡಗಡೆ ಟೇಪ್ ಮುಂದಕ್ಕೆ ಬಂತು. ಈಕ್ವಲೈಜರ್ ತಕ್ಕಡಿಯ ಹಾಗೆ ಓರೆಯಾಯಿತು. ಬಲಗಡೆ ಬಂದ ಎಳೆತವನ್ನು ಅದು ಎಡಗಡೆಗೂ ಸಮನಾಗಿ ಹಂಚುತ್ತಿತ್ತು. ಹಂಚುವುದೇ ಅದರ ಕೆಲಸ, ಅಲ್ವಾ? ಎಡಗಡೆ ಶೂ ಡ್ರಮ್‌ಗೆ ಸ್ವಲ್ಪ ಹತ್ತಿರ ಇತ್ತು, ಹಾಗಾಗಿ ಅದೇ ಮೊದಲು ಹಿಡಿಯಿತು. ಅಲ್ಲಿ ಮಲಗಿದ್ದಲ್ಲಿಂದಲೇ ಕೂಗಿದೆ. ಗೆಳೆಯ ಏನೋ ಬಿತ್ತು ಅಂದುಕೊಂಡು ಓಡಿಬಂದ!

ಬಲಗಡೆ ಕೇಬಲ್ ಮಾತ್ರ ಬಿಗಿಯಲು ಕಾರಣ ಅದರ ಔಟರನ್ನು ಚಾಸಿಗೆ ಹಿಡಿದಿಡುವ ಕೊನೆಯ ಕ್ಲಿಪ್. ಎಡ ಕೇಬಲ್‌ನ ಕ್ಲಿಪ್ ಚಾಸಿಯಲ್ಲಿ ಸಾಕಷ್ಟು ಮುಂದಿದೆ. ಬಲ ಕೇಬಲ್‌ದು ಆಕ್ಸಲ್‌ಗೆ ಹತ್ತಿರವಿದೆ. ಲೆಕ್ಕ ಹಾಕಿ ನೋಡಿ. ಕ್ಲಿಪ್ ಆಕ್ಸಲ್‌ನಿಂದ 80 ಸೆಂ.ಮೀ. ಮುಂದೆ, 20 ಸೆಂ.ಮೀ. ಮೇಲೆ ಇದ್ದರೆ ನೇರ ದೂರ ಸುಮಾರು 82.5. ಗಾಡಿ 10 ಸೆಂ.ಮೀ. ಎತ್ತಿದರೆ 85.4. ಅಂದರೆ 3 ಸೆಂ.ಮೀ. ಜಾಸ್ತಿ ಬೇಕು. ಅದೇ ಕ್ಲಿಪ್ ಆಕ್ಸಲ್‌ನಿಂದ 30 ಸೆಂ.ಮೀ. ಮಾತ್ರ ಮುಂದಿದ್ದರೆ 36.1 ಇದ್ದದ್ದು 42.4 ಆಗುತ್ತದೆ. 6 ಸೆಂ.ಮೀ. ಮೀರಿ ಬೇಕು! ಲಿಫ್ಟ್ ಅಷ್ಟೇ, ಕೇಬಲ್ ಉದ್ದವೂ ಅಷ್ಟೇ ಇರಬಹುದು. ಕ್ಲಿಪ್ ಎಲ್ಲಿದೆ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಕಿಟ್ ಜೊತೆ ಬಂದ ಹಾಳೆಯಲ್ಲಿ ಇದರ ಬಗ್ಗೆ "ಕೇಬಲ್ ಪರೀಕ್ಷಿಸಿ" ಅಂತ ಮಾತ್ರ ಇದೆ. ಏನನ್ನು ಪರೀಕ್ಷಿಸಬೇಕು ಅಂತ ಒಂದು ಸಾಲು ಬರೆದಿದ್ದರೆ ಎಷ್ಟೋ ಜನರ ಡ್ರಮ್ ಉಳಿಯುತ್ತಿತ್ತು.

ಖಾತ್ರಿ ಮಾಡಿಕೊಳ್ಳಲು ಬಲಗಡೆ ಕ್ಲಿಪ್‌ನ ಬೋಲ್ಟ್ ಬಿಚ್ಚಿ ಔಟರ್ ಹಾಗೇ ಬಿಟ್ಟೆ. ಆಕ್ಸಲ್ ಪೂರ್ತಿ ಇಳಿಸಿದೆ. ಎರಡೂ ಡ್ರಮ್ ಕೈಯಲ್ಲಿ ಸಲೀಸಾಗಿ ತಿರುಗಿದವು.

ಹಾಗಂತ ಕೇಬಲನ್ನು ಸುಮ್ನೆ ನೇತಾಡಲು ಬಿಡೋಕಾಗಲ್ಲ. ಸ್ಪ್ರಿಂಗ್ ಒತ್ತಿದಾಗ ಆ ಬಾಗು ಮೇಲೆದ್ದು ಸೈಲೆನ್ಸರ್ ಪೈಪಿನ ಮೇಲೆ ಕೂರುತ್ತದೆ. 3 ಮಿ.ಮೀ. ಸ್ಟೀಲ್ ಪಟ್ಟಿಯಲ್ಲಿ ಒಂದು ಬ್ರ್ಯಾಕೆಟ್ ಮಾಡಿದೆ. ಚಾಸಿಯಲ್ಲಿ ಮೊದಲೇ ಇದ್ದ ತೂತಿಗೇ ಬೋಲ್ಟ್ ಹಾಕಿದೆ, ಹೊಸ ತೂತು ಕೊರೆಯಲಿಲ್ಲ. ಅದರಿಂದ ಕ್ಲಿಪ್ ಮುಂದಕ್ಕೂ ಹೋಯಿತು, ಕೆಳಕ್ಕೂ ಬಂತು. ಹಳೆಯ ಕ್ಲಿಪ್ ಔಟರನ್ನು ಗಟ್ಟಿಯಾಗಿ ಕಚ್ಚಿತ್ತು. ಈಗ ರಬ್ಬರ್ ಇರುವ ಪಿ-ಕ್ಲಿಪ್ ಹಾಕಿದ್ದೇನೆ, ಒಳಗೆ ಕೇಬಲ್ ಜಾರುವಷ್ಟು ಸಡಿಲ. ಉದ್ದದ ಕೇಬಲ್ ಮಾಡಿಸುವ ದಾರಿಯೂ ಇತ್ತು. ಆದರೆ ಇರುವ ಕೇಬಲ್ ಗಟ್ಟಿಯಾಗಿದೆ, ಜಾಗ ಬದಲಾಯಿಸಿದರೆ ಸಾಕಾಗುವಾಗ ಹೊಸದು ಯಾಕೆ?

ಅಲ್ಲೇ ಮಲಗಿರುವಾಗ ಮುಂದಿನ ಪ್ರಾಜೆಕ್ಟ್ ಕಣ್ಣಿಗೆ ಬಿತ್ತು. ಡಿಫರೆನ್ಷಿಯಲ್ (ಆಕ್ಸಲ್ ನಡುವಿನ ಗೇರ್ ಪೆಟ್ಟಿಗೆ, ಚಿಕ್ಕದಾಗಿ ಡಿಫ್) ಉಸಿರಾಡುವ ಬ್ರೀದರ್ ಪೈಪ್! ಅದೂ ಬಿಗಿದು ನಿಂತಿದೆ. ಓಡಿ ಬಿಸಿಯಾದ ಡಿಫ್ ತಣ್ಣನೆಯ ನೀರಿಗೆ ಇಳಿದರೆ ಒಳಗಿನ ಗಾಳಿ ಕುಗ್ಗುತ್ತದೆ. ಬ್ರೀದರ್ ಕಿತ್ತುಹೋಗಿದ್ದರೆ ಗಾಳಿಯ ಬದಲು ನೀರೇ ಒಳಗೆ ಬರುತ್ತದೆ. ಎರಡೂ ಡಿಫ್, ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್ (ಮುಂದಿನ, ಹಿಂದಿನ ಆಕ್ಸಲ್‌ಗೆ ಶಕ್ತಿ ಹಂಚುವ ಪೆಟ್ಟಿಗೆ), ನಾಲ್ಕರ ಬ್ರೀದರ್‌ಗಳನ್ನೂ ಇಂಜಿನ್ ಪಕ್ಕ ಎತ್ತರದಲ್ಲಿ ಒಂದೇ ಕಡೆ ತಂದು ಫಿಲ್ಟರ್ ಹಾಕಬೇಕು ಅಂತ ಆಗಲೇ ಪೈಪ್ ಅಳತೆ ತಗೊಂಡೆ. ಸಾಮಾನು ಬೇರೆ ಅಂಗಡಿಯಿಂದ.

ಅದಕ್ಕಿಂತ ಮೊದಲು ಬ್ರೇಕಿನದೇ ಒಂದು ಕೆಲಸ ಬಾಕಿ ಇದೆ. ಲೋಡ್ ಸೆನ್ಸಿಂಗ್ ವಾಲ್ವ್. ಹಿಂದಿನ ಆಕ್ಸಲ್‌ನಿಂದ ಬರುವ ಸರಳು ನೋಡಿ ಅದು ಲೋಡ್ ಎಷ್ಟಿದೆ ಅಂತ ತಿಳಿಯುತ್ತದೆ. ಲಿಫ್ಟ್ ಆದಮೇಲೆ ಆಕ್ಸಲ್ ಯಾವಾಗಲೂ ದೂರ. ಹಾಗಾಗಿ ತುಂಬಿದ ಗಾಡಿಯನ್ನೂ ಖಾಲಿ ಅಂದುಕೊಂಡು ಹಿಂದಿನ ಬ್ರೇಕಿಗೆ ಪ್ರೆಷರ್ ಕಡಿಮೆ ಕೊಡುತ್ತದೆ. ಸರಳಿನ ಆಕ್ಸಲ್ ಕಡೆಯ ತುದಿಯನ್ನು ಲಿಫ್ಟ್ ಎಷ್ಟೋ ಅಷ್ಟೇ ಎತ್ತರಿಸುವ ಬ್ರ್ಯಾಕೆಟ್ ಬೇಕು. ವಾಲ್ವನ್ನೇ ಕಿತ್ತು ಬೈಪಾಸ್ ಮಾಡುವವರಿದ್ದಾರೆ. ಹಾಗೆ ಮಾಡಿದರೆ ಹಿಂದಕ್ಕೆ ಪೂರ್ತಿ ಪ್ರೆಷರ್ ಹೋಗುತ್ತದೆ; ಖಾಲಿ ಗಾಡಿಯಲ್ಲಿ ಒದ್ದೆ ರಸ್ತೆಯಲ್ಲಿ ಹಿಂದಿನ ಚಕ್ರ ಮೊದಲು ಲಾಕ್ ಆದರೆ ಗಾಡಿ ಅಡ್ಡ ತಿರುಗುತ್ತದೆ, ಅದಕ್ಕೆ ನಾನು ಸಿದ್ಧನಿಲ್ಲ.

ಬ್ರ್ಯಾಕೆಟ್‌ಗೆ ರಟ್ಟಿನಲ್ಲಿ ಅಚ್ಚು ಕತ್ತರಿಸಿ ಆಗಿದೆ. ಅದು ಕೂತಮೇಲೆ ಮೊದಲು ಖಾಲಿ ಗಾಡಿಯಲ್ಲಿ, ಆಮೇಲೆ ಮರಳು ಚೀಲ ತುಂಬಿ ಬ್ರೇಕ್ ನೋಡುತ್ತೇನೆ. ಟೇಪ್ ಇನ್ನೂ ಕೇಬಲ್ ಮೇಲೆಯೇ ಇದೆ, ಲೋಡ್ ಹಾಕಿದಾಗ ಏನಾಗುತ್ತದೆ ಅಂತ ಅದನ್ನೂ ಆಗಲೇ ಅಳೆಯಬೇಕು.